ಬೆಕ್ಕಿನ ಪುನರ್ವಸತಿ

“ಹನ್ನೊಂದು ವರ್ಷದ ಹೆಣ್ಣು ಬೆಕ್ಕು. ತುಂಬಾ ಸಾಧು. ಆಪರೇಷನ್ ಆಗಿದೆ, ಲಸಿಕೆಗಳೆಲ್ಲ ಆಗಿವೆ, ಲಿಟರ್ ಬಾಕ್ಸ್ ಅಭ್ಯಾಸ ಇದೆ. ಅನಿವಾರ್ಯ ಕಾರಣಗಳಿಂದ ರೀಹೋಮ್ ಮಾಡ್ತಾ ಇದ್ದೀವಿ. ಪ್ರೀತಿಯಿಂದ ನೋಡಿಕೊಳ್ಳುವವರು ಮಾತ್ರ ಸಂಪರ್ಕಿಸಿ.”

ಎರಡು ವರ್ಷದ ಹಿಂದೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜು ಇದು. ಇದ್ದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡಕ್ಕೆ ತಂದಿದ್ದೀನಿ ಅಷ್ಟೆ. ಕೆಳಗೆ ಸುಮಾರು ಮೂವತ್ತು ಜನ ಅಳುವ ಮುಖದ ಇಮೋಜಿ ಹಾಕಿದ್ದರು. ಆ ಕೊನೆಯ ಸಾಲನ್ನ ಇನ್ನೊಂದು ಸಲ ಓದಿ. ಪ್ರೀತಿಯಿಂದ ನೋಡಿಕೊಳ್ಳುವವರು ಮಾತ್ರ! ಹನ್ನೊಂದು ವರ್ಷ ಸಾಕಿದ ಬೆಕ್ಕನ್ನ ಮನೆಯಿಂದ ಆಚೆ ಕಳಿಸ್ತಾ ಇರೋ ಮನುಷ್ಯ, ಅದನ್ನ ಒಳಗೆ ಕರ್ಕೊಳ್ಳೋರಿಗೆ ಷರತ್ತು ಹಾಕ್ತಾ ಇದ್ದಾನೆ.

ಆ ಬೆಕ್ಕು ಈಗ ನಮ್ಮನೆಯಲ್ಲಿದೆ. ಹೆಸರು ಕೋಕೋ. ಉದಾರಿ ಅಂತ ತಿಳ್ಕೋಬೇಡಿ. ಒಂದು ವಾರ ಆದರೂ ಯಾರೂ ಕೇಳಲಿಲ್ಲ, ಇಮೋಜಿ ಹಾಕಿ ಸುಮ್ಮನಾದ ಮೂವತ್ತು ಜನರಲ್ಲಿ ನಾನೂ ಒಬ್ಬ ಅನ್ನೋದು ಚುಚ್ಚೋಕೆ ಶುರುವಾಯ್ತು. ಹೆಂಡತಿಗೆ ಹೇಳಿದೆ. “ಮರಿ ಆಗಿದ್ರೆ ಬೇಡ ಅಂತಿದ್ದೆ. ಮುದುಕಿ ತಾನೇ, ಪರದೆ ಹತ್ತಲ್ಲ. ತಗೊಂಡ್ ಬಾ” ಅಂದಳು. ಹಾಗೆ ಒಂದು ಭಾನುವಾರ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಿಂದ ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬಂದೆ. ಗೆಳೆಯ ಲಿಫ್ಟಿನ ತನಕ ಬಂದ. ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ, ಮೊದಲೇ ಹೇಳಿಬಿಡ್ತೀನಿ. “ಏನ್ ಮಾಡೋದು ಗುರು, ಹೆಂಡ್ತಿಗೆ ಅಲರ್ಜಿ” ಅಂದ.

ಐದು ವಾರ ಕಳೆದ ಮೇಲೆ ಅವನೇ ಟೀಮಿನವರನ್ನೆಲ್ಲ ಮನೆಗೆ ಕರೆದ. ಮರಿ ತಂದಿದ್ದಾರೆ. ಪರ್ಷಿಯನ್. ಬೂದು ಬಣ್ಣ, ಚಪ್ಪಟೆ ಮುಖ, ಯಾರೋ ಬೈದು ಕೂರಿಸಿದಂಥ ಮೋರೆ. ಕೇಕ್ ಇತ್ತು, ಸಮೋಸ ಇತ್ತು. ಅವನ ಹೆಂಡತಿ, ಪಾಪ, ಏನನ್ನೂ ಮುಚ್ಚಿಡದೆ ಹೇಳಿದರು: “ಅಡ್ವಾನ್ಸ್ ಕೊಟ್ಟು ಎರಡು ತಿಂಗಳು ಕಾಯಬೇಕಾಯ್ತು ಗೊತ್ತಾ!” ನಾನು ಸಮೋಸ ತಿನ್ನುತ್ತಾ ಮನಸ್ಸಲ್ಲೇ ಕ್ಯಾಲೆಂಡರ್ ಹಿಂದಕ್ಕೆ ತಿರುವಿದೆ. ಎರಡು ತಿಂಗಳು ಅಂದರೆ ಎಂಟು-ಒಂಬತ್ತು ವಾರ. ಕೋಕೋ ನಮ್ಮನೆಗೆ ಬಂದು ಐದು ವಾರ. ಮೆಸೇಜು ಬಂದದ್ದು ಅದಕ್ಕಿಂತ ಒಂದು ವಾರ ಮುಂಚೆ. ಅಂದರೆ ಹೊಸದಕ್ಕೆ ಅಡ್ವಾನ್ಸ್ ಕೊಟ್ಟಾದ ಮೇಲೆ ಹಳೆಯದಕ್ಕೆ ಮನೆ ಹುಡುಕಿದ್ದಾರೆ. ಹಾಗಾದ್ರೆ ಅಲರ್ಜಿ ಯಾವುದಕ್ಕೆ ಇದ್ದದ್ದು? ಬೆಕ್ಕಿನ ಅಲರ್ಜಿ ಬರೋದು ಅದರ ಎಂಜಲಿನಲ್ಲಿ, ಚರ್ಮದಲ್ಲಿ ಇರೋ ಪ್ರೋಟೀನಿನಿಂದ. ನಾಟಿ ಬೆಕ್ಕಿಗೂ ಪರ್ಷಿಯನ್ ಬೆಕ್ಕಿಗೂ ಅದು ಇದ್ದೇ ಇರುತ್ತೆ.

ಅವನೊಬ್ಬನೇ ಆಗಿದ್ದರೆ ಇದನ್ನ ಬರೀತಾ ಇರಲಿಲ್ಲ. ಆಮೇಲೆ ಇಂಥ ಮೆಸೇಜುಗಳನ್ನ ಗಮನಿಸೋಕೆ ಶುರು ಮಾಡಿದೆ. ಅಪಾರ್ಟ್‌ಮೆಂಟ್ ಗ್ರೂಪು, ಆಫೀಸ್ ಗ್ರೂಪು, ಫೇಸ್‌ಬುಕ್ಕು, ಎಲ್ಲ ಕಡೆ ಇವೆ. ಎಂಟು ವರ್ಷದ್ದು, ಹತ್ತು ವರ್ಷದ್ದು, ಹನ್ನೆರಡು ವರ್ಷದ್ದು. ಕಾರಣ ಯಾವಾಗಲೂ ಅನಿವಾರ್ಯ. ಕೊಟ್ಟು ಕೆಲವು ತಿಂಗಳಾದ ಮೇಲೆ ಅದೇ ಸ್ಟೇಟಸ್‌ನಲ್ಲಿ ಹೊಸ ಮರಿಯ ಫೋಟೋ. ಕೋಕೋಗೆ ಒಂದು ಇನ್‌ಸ್ಟಾಗ್ರಾಮ್ ಅಕೌಂಟ್ ಇತ್ತು. “ನಾನು ಕೋಕೋ, ಅಪ್ಪ-ಅಮ್ಮನ ಮುದ್ದಿನ ಮಗಳು” ಅಂತ ಬರೆದುಕೊಂಡಿತ್ತು. ಈಗಲೂ ಆ ಅಕೌಂಟ್ ಇದೆ. ಫಾಲೋವರ್ಸ್ ಅಷ್ಟೇ ಜನ ಇದ್ದಾರೆ. ಹೆಸರು ಮಾತ್ರ ಬದಲಾಗಿದೆ, ಹಳೇ ಫೋಟೋಗಳು ಮಾಯ. ಮಗಳು ಹೋದಳು, ಅಕೌಂಟ್ ಉಳಿಯಿತು.

ಆದ್ದರಿಂದ ನಾನು ಹೇಳೋದು ಇಷ್ಟು: ವಯಸ್ಸಾದ ಬೆಕ್ಕನ್ನ ಮನೆಯಿಂದ ಕಳಿಸಿದವರು ಮತ್ತೆ ಬೆಕ್ಕು ತರಬಾರದು. ಕಳಿಸಲೇಬೇಕಾದ ಪರಿಸ್ಥಿತಿ ಕೆಲವರಿಗೆ ಬರುತ್ತೆ, ಒಪ್ಪುತ್ತೀನಿ. ಆದರೆ ಪರಿಸ್ಥಿತಿ ನಿಜವಾದದ್ದಾದರೆ ಅದು ಮರಿಗೂ ಅನ್ವಯ ಆಗಬೇಕಲ್ಲ? ಮನೆ ಚಿಕ್ಕದು, ಟೈಮ್ ಇಲ್ಲ, ಟ್ರಾವೆಲ್ ಜಾಸ್ತಿ, ಓನರ್ ಬೇಡ ಅಂತಾರೆ. ಇದರಲ್ಲಿ ಯಾವುದು ಮರಿ ಬಂದ ತಕ್ಷಣ ಸರಿಹೋಗುತ್ತೆ? ಹೊಸ ಬೆಕ್ಕು ಬಂತು ಅಂದ ಮೇಲೆ ಹಳೇ ಕಾರಣ ಸುಳ್ಳು ಅಂತ ಸಾಬೀತಾಯ್ತು. ಬೆಕ್ಕು ಬೇಕಿತ್ತು, ಮುದಿ ಬೆಕ್ಕು ಬೇಡವಾಗಿತ್ತು. ಹಾಗಂತ ಹೇಳಿಬಿಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರ್ತಾ ಇರಲಿಲ್ಲ.

ರೀಹೋಮ್ ಅಂತೆ. ಕೇಳಿದರೆ ಬೀದಿಯಲ್ಲಿದ್ದ ಜೀವಕ್ಕೆ ಯಾರೋ ಪುಣ್ಯಾತ್ಮರು ಮನೆ ಮಾಡಿಕೊಟ್ಟರು ಅನ್ನಿಸಬೇಕು, ಹಾಗಿದೆ ಪದ. ಕನ್ನಡದಲ್ಲಿ ಏನನ್ನಬಹುದು ಅಂತ ಯೋಚಿಸಿದಾಗ ಹೊಳೆದದ್ದು ಪುನರ್ವಸತಿ. ಈ ಪದ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ನಮ್ಮೂರು ಸಾಗರದಿಂದ ಹೊಳೆಬಾಗಿಲಿಗೆ ಹೋಗೋ ದಾರಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಊರೂರೇ ಮುಳುಗಿದವು. ಗದ್ದೆ ತೋಟ ಬಿಟ್ಟು ಜನ ಲಾರಿ ಹತ್ತಿದರು. ಅದಕ್ಕೆ ಕಾಗದದಲ್ಲಿ ಬರೆದ ಹೆಸರು ಪುನರ್ವಸತಿ. ಹಾಗೆ ಹೋದವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿ ಅಲೆದದ್ದು ಅಷ್ಟಿಷ್ಟಲ್ಲ. ನಮ್ಮಜ್ಜನ ಎದುರು ಯಾರಾದರೂ ಆ ಪದ ಎತ್ತಿದರೆ ಜಗಲಿಯಿಂದ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದು ಕೂತು, “ಎಬ್ಬಿಸಿದ್ದು ಅಂತ ಹೇಳು” ಅನ್ನುತ್ತಿದ್ದ. ಮುಳುಗಡೆಯವರ ಸಂಕಟವನ್ನೂ ಬೆಕ್ಕಿನ ಸಂಕಟವನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತಾ ಇಲ್ಲ, ಅಷ್ಟು ಬುದ್ಧಿ ನನಗೂ ಇದೆ. ಪದದ ವಿಷಯ ಮಾತ್ರ ಹೇಳಿದೆ. ಹೋದವರು ತಾವಾಗಿ ಹೋಗಲಿಲ್ಲ ಅನ್ನೋದು ಇಂಥ ಪದಗಳ ಒಳಗೆ ಕಾಣದ ಹಾಗೆ ಸೇರಿಹೋಗುತ್ತೆ.

ಇವನು ಹಳ್ಳಿಯವನು, ಇನ್ನು ಹಳ್ಳಿಯಲ್ಲಿ ಪ್ರಾಣಿಗಳನ್ನ ಎಷ್ಟು ಚೆನ್ನಾಗಿ ನೋಡ್ಕೋತಾರೆ ಅಂತ ಪುರಾಣ ತೆಗೀತಾನೆ ಅಂದ್ಕೊಂಡಿರಾ? ಇಲ್ಲ ಮಾರಾಯ್ರೆ. ನನ್ನ ಕೈ ಏನೂ ಶುದ್ಧ ಇಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮನೆಯಲ್ಲಿ ಒಂದು ಕೆಂಚು-ಬಿಳಿ ಹೆಣ್ಣು ಬೆಕ್ಕಿತ್ತು. ಹೆಸರಿರಲಿಲ್ಲ. ಅಮ್ಮ “ಬಾ ಬೆಕ್ಕೇ” ಅಂತ ಕರೆದರೆ ಬರೋದು. ನಾನು ಅಂಬೆಗಾಲಿಡುವಾಗಲೇ ಅದು ಮನೆಯಲ್ಲಿತ್ತಂತೆ. ವರ್ಷಕ್ಕೆರಡು ಸಲ ಮರಿ ಹಾಕೋದು, ಏಳು ಮನೆ ತಿರುಗಿಸಬೇಕು ಅನ್ನೋ ಹಾಗೆ ಕಚ್ಚಿಕೊಂಡು ಅಟ್ಟ, ಕೊಟ್ಟಿಗೆ, ಹುಲ್ಲಿನ ಗೊಣಬೆ ಎಲ್ಲ ಸುತ್ತಿಸೋದು. ಆ ವರ್ಷದ ಹೊತ್ತಿಗೆ ಹಲ್ಲು ಬಿದ್ದಿತ್ತು, ಜೊಲ್ಲು ಸುರೀತಿತ್ತು. ಇಲಿ ಎದುರಿಗೇ ಓಡಿದರೂ ನೋಡ್ತಾ ಕೂತಿರೋದು. ಅಷ್ಟೇ ಆಗಿದ್ದರೆ ಉಳೀತಿತ್ತೇನೋ, ಅಟ್ಟದ ಮೇಲಿನ ಅಡಿಕೆ ಚೀಲದ ಮೇಲೆ ಉಚ್ಚೆ ಹೊಯ್ಯೋಕೆ ಶುರು ಮಾಡ್ತು. ವರ್ಷದ ದುಡ್ಡು ಇರೋದು ಆ ಚೀಲದಲ್ಲಿ. ಒಂದು ದಿನ ಅಪ್ಪ ಗೋಣಿಚೀಲ ತಗೊಂಡು “ಬಾ, ಹೋಗಿ ಬರಣ” ಅಂದ.

ಬೆಕ್ಕನ್ನ ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮಲ್ಲಿ ಹೇಳ್ತಾರೆ. ಅದಕ್ಕೇ ಯಾರೂ ಕೊಲ್ಲಲ್ಲ, ಬಿಟ್ಟು ಬರ್ತಾರೆ. ಅದೂ ಹೊಳೆ ದಾಟಿಸಿ ಬಿಡಬೇಕು, ಇಲ್ಲದಿದ್ದರೆ ವಾಪಸ್ ಬರುತ್ತೆ ಅನ್ನೋ ನಂಬಿಕೆ. ಬಸ್ಸಿನಲ್ಲಿ ಹೊಳೆಬಾಗಿಲಿಗೆ ಹೋಗಿ ಲಾಂಚ್ ಹತ್ತಿದೆವು. ನಿಮ್ಮಲ್ಲಿ ಎಷ್ಟೋ ಜನ ವೀಕೆಂಡಿನಲ್ಲಿ ಸಿಗಂದೂರಿಗೆ ಹೋಗುವಾಗ ಕಾರು ಹತ್ತಿಸಿ ಸೆಲ್ಫಿ ತಗೊಂಡ ಅದೇ ಲಾಂಚು. ಈಗ ಅಲ್ಲಿ ಸೇತುವೆ ಆಗಿದೆ. ಚೀಲ ನನ್ನ ತೊಡೆ ಮೇಲಿತ್ತು. “ಬಾಯಿ ಗಟ್ಟಿ ಹಿಡ್ಕ” ಅಂತ ಅಪ್ಪ ಎರಡು ಸಲ ಹೇಳಿದ. ಒಳಗಿನಿಂದ ಸದ್ದಿಲ್ಲ, ಬಿಸಿ ಮಾತ್ರ ಗೊತ್ತಾಗ್ತಿತ್ತು. ನಡು ನೀರಿನಲ್ಲಿ ಚೀಲ ಒದ್ದೆಯಾಗಿ ನನ್ನ ಚಡ್ಡಿಯೂ ಒದ್ದೆಯಾಯ್ತು.

ಆಚೆ ದಡದಲ್ಲಿ ಒಂದು ಅಂಗಡಿಯ ಹಿಂದೆ ಅಪ್ಪ ಚೀಲ ಬಿಚ್ಚಿದ. ಓಡಿಹೋಗುತ್ತೆ ಅಂದ್ಕೊಂಡಿದ್ದೆ, ಓಡಲಿಲ್ಲ. ಹೊರಗೆ ಬಂದು ಕೂತು ಒದ್ದೆಯಾದ ಮೈ ನೆಕ್ಕಿಕೊಳ್ಳೋಕೆ ಶುರು ಮಾಡ್ತು. ಅಪ್ಪ ಹಿಂದೆ ತಿರುಗದೆ ದಾಪುಗಾಲು ಹಾಕಿದ. ನಾನು ತಿರುಗಿ ನೋಡಿದೆ. ಇನ್ನೂ ನೆಕ್ಕಿಕೊಳ್ತಾ ಇತ್ತು.

ಅಮ್ಮ ಮೂರು ದಿನ ಅದರ ಮರಿಗೆಗೆ ಹಾಲು ಹೊಯ್ದಳು. ಸಂಜೆ ಅದನ್ನ ನಾಯಿ ಕುಡೀತಿತ್ತು. ನಾಲ್ಕನೇ ದಿನ ಕೆಳಗಿನ ಕೇರಿಯಿಂದ ಒಂದು ಮರಿ ಬಂತು. ನಾನು ಅದರ ಜೊತೆ ಕುಣಿದಾಡಿದೆ. ಹಳೆಯದು ಏನಾಯ್ತು ಅಂತ ಒಂದು ಸಲವೂ ಕೇಳಲಿಲ್ಲ. ನಲವತ್ತು ಹತ್ತಿರ ಬರ್ತಾ ಇದೆ ನನಗೆ, ಇವತ್ತಿಗೂ ಊರಿಗೆ ಹೋದಾಗ ಕೇಳಬೇಕು ಅಂದ್ಕೊಂಡು ಸುಮ್ಮನಾಗ್ತೀನಿ.

ಅಂದರೆ ನನ್ನ ಗೆಳೆಯ ಸರ್ಜಾಪುರ ರಸ್ತೆಯಲ್ಲಿ ಮಾಡಿದ್ದನ್ನೇ ನಮ್ಮಪ್ಪ ಶರಾವತಿ ಹಿನ್ನೀರಿನಲ್ಲಿ ಮಾಡಿದ್ದು. ಹಳೆಯದು ಆಚೆ, ಹೊಸದು ಒಳಗೆ. ಇನ್ನೂ ಕೆಟ್ಟದಾಗಿಯೇ ಮಾಡಿದ್ದು, ಗೆಳೆಯ ಕನಿಷ್ಠ ಒಂದು ಮನೆ ಹುಡುಕಿದ. ಆದರೂ ಅಪ್ಪನ ಮೇಲೆ ಬರದ ಸಿಟ್ಟು ಗೆಳೆಯನ ಮೇಲೆ ಯಾಕೆ ಬರುತ್ತೆ ಅಂತ ಬಹಳ ಯೋಚಿಸಿದ್ದೀನಿ. ಅಪ್ಪನೆಂಬ ಪಕ್ಷಪಾತ ಇರಬಹುದು. ಅದನ್ನ ಕಳೆದರೂ ಸ್ವಲ್ಪ ಉಳಿಯುತ್ತೆ. ಅಪ್ಪ ಆ ಬೆಕ್ಕನ್ನ ಯಾವತ್ತೂ ಮಗಳು ಅಂದವನಲ್ಲ. ಇಲಿ ಹಿಡಿಯೋಕೆ ಇತ್ತು, ಅದಕ್ಕೆ ಹಾಲು ಅನ್ನ ಸಿಕ್ತಿತ್ತು, ಕೆಲಸ ನಿಂತಿತು, ಕಳಿಸಿದ. ಕ್ರೂರವೇ, ಆದರೆ ವೇಷ ಇಲ್ಲ. ಮನೆಗೆ ಬಂದು ಅಮ್ಮನ ಎದುರು ಅಂದದ್ದೂ “ಬಿಟ್ಟು ಬಂದ್ವಿ” ಅಂತಲೇ. ಆಪರೇಷನ್ ಮಾಡಿಸೋಕೆ ಡಾಕ್ಟರ್ ಇರಲಿಲ್ಲ, ಹುಟ್ಟಿದ ಮರಿಗೆಲ್ಲ ಮನೆ ಇರಲಿಲ್ಲ, ಅಡಿಕೆ ಹಾಳಾದರೆ ತುಂಬಿಕೊಡೋಕೆ ಪಗಾರ ಇರಲಿಲ್ಲ. ನಮಗೆ ಇವೆಲ್ಲ ಇದೆ. ನಮ್ಮ ಮನೆಯಲ್ಲಿ ಇಲಿ ಇಲ್ಲ. ಬೆಕ್ಕು ತಂದದ್ದು ಪ್ರೀತಿಗೆ ಅಂತ ನಾವೇ ಊರೆಲ್ಲ ಹೇಳಿಕೊಂಡು ಬಂದಿದ್ದೀವಿ. ಮಗಳು ಅಂದ ಮೇಲೆ ಆ ಮಾತಿಗೆ ಒಂದಷ್ಟು ಬೆಲೆ ತೆರಬೇಕಾಗುತ್ತೆ.

(ಇಲ್ಲಿಗೆ ಬರುವಾಗ ನೀವು ವೃದ್ಧಾಶ್ರಮದ ಕಡೆ ತಿರುಗೋಕೆ ರೆಡಿ ಆಗಿದ್ದೀರಿ ಅಂತ ಗೊತ್ತು. ಬೇಡ. ಅಪ್ಪ-ಅಮ್ಮಂದಿರ ವಿಷಯ ಬೇರೆ, ಅದಕ್ಕೆ ಬರೆಯೋರು ಬೇಕಾದಷ್ಟು ಇದ್ದಾರೆ. ಬೆಕ್ಕಿನ ವಿಷಯ ಬೆಕ್ಕಿನದಾಗಿಯೇ ಇರಲಿ.)

ಈಗ ಮುಪ್ಪಿನ ಬಗ್ಗೆ ಸ್ವಲ್ಪ ಹೇಳಬೇಕು. ಯಾಕೆಂದರೆ ಬೆಕ್ಕನ್ನ ಕಳಿಸೋದಕ್ಕೆ ಕೊಡೋ ಅರ್ಧ ಕಾರಣಗಳು ನಿಜವಾಗಿ ಕಾಯಿಲೆಯ ಲಕ್ಷಣಗಳು. ಬೆಕ್ಕಿಗೆ ಹತ್ತು ಹನ್ನೊಂದು ವರ್ಷಕ್ಕೆ ಮುಪ್ಪು ಶುರು. ಮನೆಯೊಳಗೇ ಇರೋ ಬೆಕ್ಕು ಹದಿನೈದು ಹದಿನೆಂಟರ ತನಕ ಬದುಕುತ್ತೆ, ಇಪ್ಪತ್ತು ಮುಟ್ಟಿದವೂ ಇವೆ. ಅಂದರೆ ಮುಪ್ಪು ಅದರ ಆಯಸ್ಸಿನ ಮೂರನೇ ಒಂದು ಭಾಗ. ಮರಿತನ ಇರೋದು ಹೆಚ್ಚೆಂದರೆ ಒಂದು ವರ್ಷ! ನಾವು ಬೆಕ್ಕು ತರುವಾಗ ಆ ಒಂದು ವರ್ಷ ನೋಡಿ ತರ್ತೀವಿ.

ಸಮೋಸ ತಿಂದ ದಿನದಿಂದ ಸುಮಾರು ಮೂರು ತಿಂಗಳು ನಾನು ಗೆಳೆಯನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಅವನೇ ಬಾಯಿಬಿಟ್ಟ. “ಅಲರ್ಜಿ ಅಲ್ಲ ಗುರು. ಸೋಫಾ ಮೇಲೆ, ಹಾಸಿಗೆ ಮೇಲೆ ಎಲ್ಲ ಮಾಡೋಕೆ ಶುರು ಮಾಡ್ತು. ಬೇಕಂತಲೇ ಮಾಡುತ್ತೆ, ಹಟ ಅದಕ್ಕೆ.” ಹಟ ಅಲ್ಲ. ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿತ್ತು. ಕೋಕೋ ದಿನಕ್ಕೆ ಮೂರು ನಾಲ್ಕು ಸಲ ಬಟ್ಟಲು ಖಾಲಿ ಮಾಡಿ, ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರನ್ನೂ ಕುಡೀತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಕಿಡ್ನಿ. ವಯಸ್ಸಾದ ಬೆಕ್ಕುಗಳಲ್ಲಿ ಇದು ತೀರಾ ಸಾಮಾನ್ಯ. ಕಿಡ್ನಿಗೆ ಮೂತ್ರವನ್ನ ಗಟ್ಟಿ ಮಾಡೋ ಶಕ್ತಿ ಹೋಗುತ್ತೆ, ನೀರು ಹೆಚ್ಚು ಹೊರಗೆ ಹೋಗುತ್ತೆ, ಬಾಯಾರಿಕೆ ಆಗುತ್ತೆ, ಮತ್ತೆ ಕುಡಿಯುತ್ತೆ. ಲಿಟರ್ ಬಾಕ್ಸ್ ಬೇಗ ತುಂಬುತ್ತೆ, ಒದ್ದೆ ಬಾಕ್ಸಿಗೆ ಬೆಕ್ಕು ಹೋಗಲ್ಲ. ಅದರ ಮೇಲೆ ಕೀಲು ನೋವು. ಆ ಎತ್ತರದ ಅಂಚನ್ನ ದಾಟೋಕೆ ಕಾಲು ಎತ್ತಬೇಕಲ್ಲ? ನೋವಾದ ಜಾಗಕ್ಕೆ ಯಾರು ಮತ್ತೆ ಹೋಗ್ತಾರೆ? ನಾವು ಮಾಡಿದ್ದು ಇಷ್ಟು: ಆ ಡಬ್ಬ ತೆಗೆದು ಎರಡು ಇಂಚು ಅಂಚಿರೋ ಅಗಲದ ಪ್ಲಾಸ್ಟಿಕ್ ಟ್ರೇ ಇಟ್ಟೆವು, ದಿನಕ್ಕೆ ಎರಡು ಸಲ ಸ್ವಚ್ಛ ಮಾಡಿದೆವು. ಸೋಫಾ ಸಮಸ್ಯೆ ಒಂದು ವಾರದಲ್ಲಿ ಮುಗೀತು. ಇನ್ನೂರೈವತ್ತು ರೂಪಾಯಿ ಟ್ರೇ ಅದು. ಹನ್ನೊಂದು ವರ್ಷದ ಸಂಬಂಧ ಅದರ ಅಂಚಿಗೆ ತಾಗಿ ಮುರಿದಿತ್ತು.

ಪ್ರೊಡಕ್ಷನ್ನಿನಲ್ಲಿ ಏನಾದರೂ ಕೆಟ್ಟರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ತೆಗೆದು ಕಾರಣ ಹುಡುಕೋರು ನಾವು. ಬೆಕ್ಕು ಹೊರಗೆ ಉಚ್ಚೆ ಹೊಯ್ದರೆ ಮಾತ್ರ ನೇರವಾಗಿ ‘ಹಟ’ ಅಂತ ಟಿಕೆಟ್ ಕ್ಲೋಸ್ ಮಾಡ್ತೀವಿ.

ಇನ್ನು ಮನೆ ಬದಲಾಯಿಸೋದು. ಬೆಕ್ಕಿಗೆ ಮನುಷ್ಯರಷ್ಟೇ, ಕೆಲವು ಸಲ ಅದಕ್ಕಿಂತ ಹೆಚ್ಚಾಗಿ, ಜಾಗ ಮುಖ್ಯ. ಗೋಡೆಯ ಮೂಲೆ, ಬಾಗಿಲ ಚೌಕಟ್ಟು, ಕುರ್ಚಿಯ ಕಾಲು ಎಲ್ಲಕ್ಕೂ ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿರುತ್ತೆ. ಹೊಸ ಮನೆಯಲ್ಲಿ ಆ ವಾಸನೆ ಎಲ್ಲೂ ಇಲ್ಲ. ಮರಿ ಆದರೆ ಎರಡು ದಿನಕ್ಕೆ ಹೊಂದಿಕೊಳ್ಳುತ್ತೆ. ಕೋಕೋ ಬಂದವಳೇ ವಾಷಿಂಗ್ ಮೆಷಿನ್ ಹಿಂದೆ ಹೋಗಿ ಕೂತಳು. ಎರಡು ದಿನ ಏನೂ ತಿನ್ನಲಿಲ್ಲ. ಹೊಸ ಜಾಗ, ಸುಧಾರಿಸಿಕೊಳ್ಳಲಿ ಅಂತ ನಾವು ಸುಮ್ಮನಿದ್ದೆವು. ಮೂರನೇ ದಿನ ಡಾಕ್ಟರಿಗೆ ಫೋನ್ ಮಾಡಿದರೆ ಬೈದರು. ಬೆಕ್ಕು ಎರಡು ಮೂರು ದಿನ ಪೂರ್ತಿ ಊಟ ಬಿಟ್ಟರೆ ಮೈಯ ಕೊಬ್ಬು ಲಿವರಿಗೆ ನುಗ್ಗಿ ಜೀವಕ್ಕೇ ಅಪಾಯ ಆಗಬಹುದಂತೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಸೂಜಿ ಇಲ್ಲದ ಸಿರಿಂಜಿನಲ್ಲಿ ಊಟ ಹಿಂಡಿ ಬಾಯಿಗೆ ಹಾಕಿದ್ದೇ ಹಾಕಿದ್ದು. ಒಂದು ವಾರ ನಾವಿಬ್ಬರೂ ಸರದಿ ಮೇಲೆ ಮನೆಯಿಂದ ಕೆಲಸ ಮಾಡಿದೆವು. ಗ್ರೂಪಿನಲ್ಲಿ ಮೂವತ್ತು ಇಮೋಜಿ ಬಿದ್ದ ಮೆಸೇಜಿನ ಆಚೆ ತುದಿಯಲ್ಲಿ ಇದು ನಡೀತಿರುತ್ತೆ.

ಅನಿವಾರ್ಯ ಕಾರಣಗಳನ್ನೂ ನೋಡೋಣ. ಬಹಳ ಸಲ ಕೇಳೋದು ಬಸಿರು. ಮನೆಯಲ್ಲಿ ಸೊಸೆಗೆ ದಿನ ನಿಂತಿತು ಅಂದ ತಕ್ಷಣ ಬೆಕ್ಕಿಗೆ ಬಾಗಿಲು. ಟಾಕ್ಸೋಪ್ಲಾಸ್ಮಾ ಅನ್ನೋ ಪರಾವಲಂಬಿಯ ಭಯ. ಭಯ ಸುಳ್ಳಲ್ಲ, ಬಸುರಿಯರಿಗೆ ಅದು ಅಪಾಯವೇ. ಆದರೆ ಅದು ಜನರಿಗೆ ಬರೋದು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ತರಕಾರಿಯಿಂದ, ಮಣ್ಣಿನಿಂದಲೂ. ಬೆಕ್ಕಿನ ಮಲದಲ್ಲಿ ಬಂದರೂ ಅದು ಸೋಂಕು ಹರಡೋ ಸ್ಥಿತಿಗೆ ಬರೋಕೆ ಕನಿಷ್ಠ ಒಂದು ದಿನ ಬೇಕು. ದಿನಾ ಟ್ರೇ ಸ್ವಚ್ಛ ಮಾಡಿ, ಆ ಕೆಲಸ ಗಂಡ ಮಾಡಲಿ, ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ. ಒಂಬತ್ತು ತಿಂಗಳು ಟ್ರೇ ತೊಳೆಯೋಕೆ ಆಗದ ಗಂಡಸು ಆಮೇಲೆ ಡೈಪರ್ ಬದಲಾಯಿಸ್ತಾನೆ ಅನ್ನೋ ನಂಬಿಕೆ ಏನಾದ್ರೂ ಇದೆಯಾ?

ಇನ್ನೊಂದು ಆನ್‌ಸೈಟ್. ಜರ್ಮನಿಗೆ ಹೋಗ್ತಾ ಇದ್ದೀವಿ, ಬೆಕ್ಕು ತಗೊಂಡು ಹೋಗೋಕೆ ಆಗಲ್ಲ. ಆಗುತ್ತೆ. ಭಾರತದಿಂದ ಯುರೋಪಿಯನ್ ಯೂನಿಯನ್ನಿಗೆ ಬೆಕ್ಕು ಹೋಗಬೇಕಾದರೆ ಮೈಕ್ರೋಚಿಪ್ ಹಾಕಿಸಬೇಕು, ರೇಬಿಸ್ ಲಸಿಕೆ ಕೊಡಿಸಬೇಕು, ಲಸಿಕೆ ಆಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆಸಿ ಮಾನ್ಯತೆ ಇರೋ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳ ಮೇಲೆ. ಆಫರ್ ಲೆಟರ್ ಬಂದ ಮೇಲೆ ಶುರು ಮಾಡಿದರೆ ಟೈಮ್ ಸಾಲಲ್ಲ, ಹೌದು. ಇಂಟರ್‌ವ್ಯೂಗೆ ಓದೋಕೆ ಶುರು ಮಾಡಿದ ದಿನವೇ ಚಿಪ್ ಹಾಕಿಸಿದರೆ ಸಾಲುತ್ತೆ. ಟೈಮ್ ಸಾಲದಿದ್ದರೆ ಅಣ್ಣನ ಮನೆಯಲ್ಲೋ ಗೆಳತಿಯ ಮನೆಯಲ್ಲೋ ನಾಲ್ಕು ತಿಂಗಳು ಬಿಟ್ಟು ಆಮೇಲೆ ಕರೆಸಿಕೊಳ್ಳಿ. ದುಡ್ಡು ಖರ್ಚಾಗುತ್ತೆ. ಬರ್ಲಿನ್ನಿನಲ್ಲಿ ಸೆಟ್ಲ್ ಆದ ಮೇಲೆ ಅಲ್ಲಿನ ಶೆಲ್ಟರಿನಿಂದ ಬೆಕ್ಕು ತಂದು “ಅಡಾಪ್ಟ್, ಡೋಂಟ್ ಶಾಪ್” ಅಂತ ಹಾಕೋರನ್ನ ಕಂಡಿದ್ದೀನಿ, ಅದಕ್ಕೇ ಇಷ್ಟು ವಿವರ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಒಳ್ಳೇ ಮನಸ್ಸಿನಿಂದ ಮಾಡೋದು. ಮುದಿ ಬೆಕ್ಕಿಗೆ ಬೇಜಾರು, ಜೊತೆಗೆ ಮರಿ ತಂದರೆ ಉತ್ಸಾಹ ಬರುತ್ತೆ ಅಂತ. ಬರಲ್ಲ. ದಿನಕ್ಕೆ ಹದಿನೈದು ಗಂಟೆ ಮಲಗೋ ಮುದುಕಿಯ ಬಾಲ ಕಚ್ಚೋಕೆ ಒಂದು ರಾಕೆಟ್ಟು ಬಂದ ಹಾಗೆ. ಮಾಡಲೇಬೇಕೆಂದರೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಟ್ರೇ, ಮೊದಲು ಬಟ್ಟೆಯಲ್ಲಿ ಒಂದರ ವಾಸನೆ ಇನ್ನೊಂದಕ್ಕೆ, ಆಮೇಲೆ ಬಾಗಿಲ ಸಂದಿ, ಹೀಗೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ತಾಳ್ಮೆ ಬೇಕು. ನಮ್ಮವರು ಮೊದಲ ದಿನವೇ ಎರಡನ್ನೂ ಹಾಲಿನಲ್ಲಿ ಬಿಟ್ಟು ವಿಡಿಯೋ ಮಾಡ್ತಾರೆ. ಹಳೆಯದು ಹಿಸ್ಸೆನ್ನುತ್ತೆ, ಊಟ ಬಿಡುತ್ತೆ, ಹಾಸಿಗೆ ಒದ್ದೆ ಮಾಡುತ್ತೆ. ಎರಡು ವಾರದಲ್ಲಿ ತೀರ್ಮಾನ: “ಇವೆರಡಕ್ಕೂ ಆಗಿಬರಲ್ಲ, ಒಂದನ್ನ ಕೊಡಬೇಕು.” ಯಾವುದನ್ನ ಅಂತ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣ ಇಲ್ಲದೆ ಪ್ರಾಣಿಯನ್ನ ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬರೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಫಿಲ್ಟರ್ ಕಾಫಿಗೂ ಸಾಲಲ್ಲ ಇವತ್ತು. ನಮ್ಮಪ್ಪ ಆ ಲೆಕ್ಕಕ್ಕೆ ಬರ್ತಾನೆ. ನನ್ನ ಗೆಳೆಯ ಬರಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಕೊಟ್ಟರೆ ಯಾವ ಕಾನೂನೂ ಕೇಳಲ್ಲ. ಕೇಳಬೇಕು ಅಂತ ನಾನೂ ಹೇಳಲ್ಲ. ಇದು ಪೊಲೀಸ್ ಸ್ಟೇಷನ್ನಿನ ವಿಷಯ ಅಲ್ಲ, ಗೆಳೆಯರು ಗೆಳೆಯರಿಗೆ ಮುಖ ನೋಡಿ ಹೇಳಬೇಕಾದ ವಿಷಯ. ನಾವು ಹೇಳಲ್ಲ. ಮರಿ ನೋಡೋಕೆ ಹೋಗಿ ಸಮೋಸ ತಿಂದು ಬರ್ತೀವಿ. ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕು ಅಂತ ಗಾದೆ ಮಾಡಿ ಅದರ ತಲೆಗೆ ಕಟ್ಟಿದ್ದು ಬೇರೆ.

ನಿಜವಾಗಿಯೂ ಆಗದವರು ಇದ್ದಾರೆ. ನಮ್ಮ ಕಾಂಪ್ಲೆಕ್ಸಿನಲ್ಲೇ ಒಬ್ಬ ಆಂಟಿ ಸ್ಟ್ರೋಕ್ ಆಗಿ ಮಗಳ ಮನೆಗೆ ಹೋದರು, ಅಳಿಯನಿಗೆ ಆಸ್ತಮಾ. ಅವರ ಎರಡು ಬೆಕ್ಕಿಗೆ ನಾವು ನಾಲ್ಕು ಮನೆಯವರು ಸೇರಿ ಜಾಗ ಹುಡುಕಿದೆವು, ಎರಡನ್ನೂ ಒಂದೇ ಮನೆಗೆ. ಆಂಟಿ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡ್ತಾರೆ, ಔಷಧಿ ದುಡ್ಡು ಕಳಿಸ್ತಾರೆ. ಕೆಲಸ ಹೋದವರಿದ್ದಾರೆ, ಮನೆ ಓನರ್ ರಾತ್ರೋರಾತ್ರಿ ಹೊರಗೆ ಹಾಕಿದವರಿದ್ದಾರೆ. ಅವರ ಬಗ್ಗೆ ಒಂದು ಮಾತೂ ಇಲ್ಲ ನನಗೆ. ಅವರು ಆಮೇಲೆ ಮರಿಯ ಫೋಟೋ ಹಾಕಿದ್ದನ್ನೂ ನಾನು ನೋಡಿಲ್ಲ.

ಅಷ್ಟಕ್ಕೂ ಬೆಕ್ಕು ತರಲೇಬೇಕು ಅನ್ನೋರಿಗೆ, ಹೊಸ ಬೆಕ್ಕು ಅಂದರೆ ಮರಿಯೇ ಆಗಬೇಕು ಅಂತ ಯಾರು ಹೇಳಿದ್ದು? ಅಡಾಪ್ಷನ್ ಪೋಸ್ಟುಗಳನ್ನ ನೋಡಿ. ಮರಿಗೆ ಒಂದು ಗಂಟೆಯಲ್ಲಿ ಜನ ಸಾಲು ನಿಲ್ತಾರೆ, ಎಂಟು ವರ್ಷದ ಬೆಕ್ಕಿನ ಪೋಸ್ಟ್ ತಿಂಗಳಾನುಗಟ್ಟಲೆ ತಿರುಗ್ತಾ ಇರುತ್ತೆ. ದೊಡ್ಡದನ್ನ ತಂದರೆ ಅದರ ಸ್ವಭಾವ ಮೊದಲೇ ಗೊತ್ತಿರುತ್ತೆ, ಲ್ಯಾಪ್‌ಟಾಪ್ ಚಾರ್ಜರ್ ಕಚ್ಚಲ್ಲ, ಮೀಟಿಂಗಿನ ನಡುವೆ ಪರದೆ ಹತ್ತಲ್ಲ. ಹೆಂಡತಿ ಹೇಳಿದ್ದು ಸರಿ ಇತ್ತು.

ಖರ್ಚು ಇದೆ, ಮುಚ್ಚಿಡಲ್ಲ. ಕಿಡ್ನಿಯ ಊಟ, ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಗುತ್ತೆ. ದಿನ ಬಿಟ್ಟು ದಿನ ರಾತ್ರಿ ಹತ್ತೂವರೆಗೆ ಆರ್‌ಎಲ್ ಬಾಟಲಿಯನ್ನ ಕಿಟಕಿ ಸರಳಿಗೆ ನೇತುಹಾಕಿ, ಅವಳ ಭುಜದ ಹತ್ತಿರ ಚರ್ಮ ಎತ್ತಿ ಸೂಜಿ ಚುಚ್ಚಿ ನೂರು ಎಂಎಲ್ ಬಿಡ್ತೀನಿ. ಮೊದಲ ಸಲ ನನ್ನ ಕೈ ನಡುಗಿ ಅರ್ಧ ನನ್ನ ಪ್ಯಾಂಟಿಗೇ ಹೋಗಿತ್ತು. ಈಗ ಹತ್ತು ನಿಮಿಷದ ಕೆಲಸ. ಸೂಜಿ ತೆಗೆದ ಮೇಲೆ ಅವಳು ಎದ್ದು ಹೋಗಿ ಮುಂಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗ್ತಾಳೆ. ಬಂದ ಮೊದಲ ತಿಂಗಳಿಂದಲೂ ಮಲಗೋದು ಅಲ್ಲೇ. ಹಾಸಿಗೆ ತಂದಿಟ್ಟರೂ ಬದಲಾಯಿಸಲಿಲ್ಲ. ಯಾಕೆ ಅಂತ ನಾನು ಊಹೆ ಮಾಡೋಕೆ ಹೋಗಲ್ಲ.

ಹೋದ ವಾರ ಗೆಳೆಯ ಫೋನ್ ಮಾಡಿದ್ದ. ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗ್ತಾರಂತೆ, ಮರಿಯನ್ನ (ಮರಿ ಏನು, ಈಗ ಎರಡು ವರ್ಷ ಅದಕ್ಕೆ) ನಮ್ಮನೆಯಲ್ಲಿ ಬಿಡಬಹುದಾ ಅಂತ ಕೇಳಿದ. ಕೋಕೋ ಹೇಗಿದ್ದಾಳೆ ಅಂತಲೂ ಕೇಳಿದ, ಎರಡು ವರ್ಷದಲ್ಲಿ ಎರಡನೇ ಸಲ. ಮನೆಗೆ ಬೇಡ, ಕೋಕೋಗೆ ಆಗಲ್ಲ, ನಿಮ್ಮನೆಗೇ ಹೋಗಿ ದಿನಕ್ಕೆರಡು ಸಲ ಊಟ ಹಾಕಿ ಬರ್ತೀನಿ, ಕೀ ಕೊಡು ಅಂದೆ. “ಥ್ಯಾಂಕ್ಸ್ ಗುರು, ಆಫೀಸಿನಲ್ಲಿ ಕೊಡ್ತೀನಿ” ಅಂದ. ಆಫೀಸಿನಲ್ಲಿ ಬೇಡ, ಮನೆಗೇ ಬಂದು ಕೊಟ್ಟು ಹೋಗು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಶನಿವಾರ ಬರ್ತೀನಿ ಅಂದಿದ್ದಾನೆ.